ಕೋಲಾರದಲ್ಲಿ ಕೂತು ಟೆರೇಸ್ ಮೇಲೆ ಟೊಮ್ಯಾಟೊ ಬೆಳೆಯೋದು

ಏಪ್ರಿಲ್ ಬಂತು ಅಂದ್ರೆ ನನ್ನ ವಾಟ್ಸಾಪಿಗೆ ತಳ ಕಪ್ಪಾಗಿರೋ ಟೊಮ್ಯಾಟೊ ಫೋಟೋಗಳು ಬರೋಕೆ ಶುರುವಾಗ್ತವೆ. ಅಂಗೈ ಮೇಲೆ ಮಗುಚಿ ಇಟ್ಕೊಂಡು ತೆಗೆದಿರೋ ಫೋಟೋ, ಕೆಳಗೆ ಒಂದೇ ಪ್ರಶ್ನೆ, "ಏನ್ ಔಷಧಿ ಹೊಡೀಬೇಕು ಇದಕ್ಕೆ?" ನಾನೇನು ಕೃಷಿ ಓದಿದವನಲ್ಲ, ಟೆರೇಸ್ ಮೇಲೆ ಒಂದಷ್ಟು ಗ್ರೋ ಬ್ಯಾಗ್ ಇಟ್ಕೊಂಡು ವರ್ಷಕ್ಕೆ ಎರಡು ಸಲ ಟೊಮ್ಯಾಟೊ ಹಾಕೋನು ಅಷ್ಟೇ, ಆದ್ರೂ ನಮ್ಮ ಬೀದಿಲಿ ಆಫೀಸಲ್ಲಿ ಎಲ್ರಿಗೂ ಈ ವಿಷಯ ಗೊತ್ತಾಗಿರೋದ್ರಿಂದ ಪ್ರಶ್ನೆ ನನಗೇ ಬರುತ್ತೆ. ನಾನು ತಿರುಗಿಸಿ ಕೇಳೋದು ಇಷ್ಟೇ, ಹೋದ ಎರಡು ಮೂರು ವಾರ ಗಿಡಕ್ಕೆ ನೀರು ಹೆಂಗೆ ಹಾಕಿದ್ರಿ? ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರ ಇರಲ್ಲ, ಆಮೇಲೆ "ಊರಿಗೆ ಹೋಗಿದ್ವಿ", "ಟ್ಯಾಂಕರ್ ಲೇಟ್ ಆಯ್ತು", "ದಿನಾ ಹಾಕ್ತೀವಿ, ಆದ್ರೆ ಭಾನುವಾರ ಚೆನ್ನಾಗಿ ಹಾಕ್ತೀವಿ" ಈ ಥರ ಏನಾದ್ರೂ ಒಂದು ಬರುತ್ತೆ.

ಕೋಲಾರದಲ್ಲಿ ಇದ್ಕೊಂಡು ಮನೆಲಿ ಟೊಮ್ಯಾಟೊ ಬೆಳೀತೀನಿ ಅಂದ್ರೆ ಜನ ನಗ್ತಾರೆ, ನಗೋದ್ರಲ್ಲಿ ತಪ್ಪೂ ಇಲ್ಲ. ಊರ ಪಕ್ಕದಲ್ಲೇ ಎಪಿಎಂಸಿ ಯಾರ್ಡು, ಸೀಸನ್ನಲ್ಲಿ ಹೈವೇ ತುಂಬಾ ಕ್ರೇಟು ಹೇರಿರೋ ಲಾರಿ ಟೆಂಪೋ ಸಾಲು, ಇಲ್ಲಿನ 15 ಕೆಜಿ ಬಾಕ್ಸಿನ ರೇಟು ಬೆಳಗ್ಗೆ ಡೆಲ್ಲಿವರೆಗೂ ಗೊತ್ತಾಗುತ್ತೆ. 2023ರ ಜುಲೈನಲ್ಲಿ ಅದೇ ಬಾಕ್ಸು ಎರಡು ಸಾವಿರ ದಾಟಿದಾಗ ತೋಟಕ್ಕೆ ರಾತ್ರಿ ಕಾವಲು ಕೂತಿದ್ರು ಜನ, ಇನ್ನೊಂದು ವರ್ಷ ನೋಡಿದ್ರೆ ಕೊಯ್ಯೋ ಕೂಲಿನೂ ಗಿಟ್ಟಲ್ಲ ಅಂತ ರೋಡ್ ಪಕ್ಕ ಸುರಿದು ಹೋಗಿರ್ತಾರೆ. ಇಂಥ ಊರಲ್ಲಿ ಟೆರೇಸ್ ಮೇಲಿನ ಗಿಡಕ್ಕೆ ಲೆಕ್ಕಾಚಾರ ಹಾಕೋಕೆ ಹೋದ್ರೆ ಮೊದಲನೇ ದಿನವೇ ಬಿಟ್ಬಿಡ್ಬೇಕು. ನಾನು ಲೆಕ್ಕ ಹಾಕಲ್ಲ. ಆದ್ರೆ ಈ ಮಂಡಿ ನಮ್ಮ ಕಣ್ಣನ್ನ ಒಂದು ರೀತಿ ಹಾಳು ಮಾಡಿದೆ ಅಂತ ಮಾತ್ರ ನನಗೆ ಅನ್ಸುತ್ತೆ, ಒಂದೇ ಸೈಜು ಒಂದೇ ಬಣ್ಣದ ಗಟ್ಟಿ ಹಣ್ಣನ್ನ ನೋಡಿ ನೋಡಿ, ಮನೆ ಗಿಡದಲ್ಲಿ ಒಂಚೂರು ಸೀಳು, ಒಂಚೂರು ಮಚ್ಚೆ ಕಂಡ್ರೂ ಅದು ರೋಗ, ಅದಕ್ಕೆ ಔಷಧಿ ಬೇಕು ಅಂತ ಅಂಗಡಿಗೆ ಓಡ್ತೀವಿ. ನಾನು ನೋಡಿರೋ ಮಟ್ಟಿಗೆ ಟೆರೇಸ್ ಟೊಮ್ಯಾಟೊದಲ್ಲಿ ಬರೋ ತೊಂದರೆಗಳಲ್ಲಿ ಮುಕ್ಕಾಲು ಪಾಲು ರೋಗಾನೂ ಅಲ್ಲ ಹುಳಾನೂ ಅಲ್ಲ, ನೀರು ಮತ್ತೆ ಬಿಸಿಲು.

ಮೊದಲು ಆ ಕಪ್ಪು ತಳದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಅತಿ ಹೆಚ್ಚು ಜನ ಹೆದರೋದು ಅದಕ್ಕೇ. ಗಿಡದ ಹತ್ರ ಬಗ್ಗಿ ಎಳೇ ಕಾಯಿಗಳ ತಳ ನೋಡಿ, ಕಾಯಿ ನಿಂಬೆಹಣ್ಣಿನ ಸೈಜಿಗೆ ಬರೋ ಹೊತ್ತಿಗೆ ಹೂ ಉದುರಿದ ಜಾಗದಲ್ಲಿ, ಅಂದ್ರೆ ತೊಟ್ಟಿನ ಎದುರು ತುದಿಲಿ, ಒಂದು ಸಣ್ಣ ನೀರು ಕುಡಿದಂಗಿರೋ ಕಲೆ ಕಾಣುತ್ತೆ. ಬೆರಳಿಟ್ರೆ ಮೆತ್ತಗಿರಲ್ಲ, ಬಣ್ಣ ಮಾತ್ರ ಮಂಕು. ನಾಲ್ಕೈದು ದಿನ ಬಿಟ್ಟು ನೋಡಿದ್ರೆ ಅದೇ ಕಂದು ಬಣ್ಣಕ್ಕೆ ತಿರುಗಿ, ಒಳಕ್ಕೆ ಕುಸಿದು, ಹಳೇ ಚಪ್ಪಲಿ ತೊಗಲಿನ ಥರ ಒಣಗಿರುತ್ತೆ. ಕೆಲವು ಸಲ ಆ ಜಾಗದ ಮೇಲೆ ಕಪ್ಪು ಬೂಷ್ಟು ಬಂದು ಕೂತಿರುತ್ತೆ, ಅದನ್ನ ನೋಡಿ ಎಲ್ರೂ ಫಂಗಸ್ ಅಂತ ತೀರ್ಮಾನ ಮಾಡ್ತಾರೆ, ಬೂಷ್ಟು ಬಂದಿರೋದು ಸತ್ತ ಜಾಗದ ಮೇಲೆ, ಅದು ಸಾಯ್ಸಿದ್ದಲ್ಲ. ಇಂಗ್ಲಿಷಲ್ಲಿ ಬ್ಲಾಸಂ ಎಂಡ್ ರಾಟ್ ಅಂತಾರೆ, ಇಲ್ಲಿನ ರೈತರು ತಳ ಕೊಳೆ ಅಂತಲೋ ಕುಂಡಿ ಕೊಳೆ ಅಂತಲೋ ಮುಲಾಜಿಲ್ದೆ ಹೇಳ್ತಾರೆ. ಒಂದು ಹಣ್ಣಿಂದ ಇನ್ನೊಂದಕ್ಕೆ ಅಂಟೋದಲ್ಲ ಇದು.

ಕಾರಣ ಕ್ಯಾಲ್ಸಿಯಂ ಅನ್ನೋದು ಈಗ ಯೂಟ್ಯೂಬ್ ನೋಡೋ ಎಲ್ರಿಗೂ ಗೊತ್ತು. ಹಂಗಾಗಿ ಮೊಟ್ಟೆ ಸಿಪ್ಪೆ ಪುಡಿ, ಸುಣ್ಣದ ನೀರು, ಅಂಗಡಿಯ ಕ್ಯಾಲ್ಸಿಯಂ ಬಾಟ್ಲಿ, ಕೊನೆಗೆ ಕ್ಯಾಲ್ಸಿಯಂ ಮಾತ್ರೆನೂ ಮಣ್ಣಿಗೆ ಹೂಳ್ತಾರೆ. ಒಂದ್ ನಿಮಿಷ ಯೋಚ್ನೆ ಮಾಡಿ, ನಮ್ಮೂರಿನ ಬೋರ್ ನೀರು ಎಂಥದು? ಗೀಸರ್ ಕಾಯಿಲ್ ಮೇಲೆ, ನೀರು ಕಾಯ್ಸೋ ಪಾತ್ರೆ ಒಳಗೆ, ಬಾತ್‌ರೂಮಿನ ಕೊಳಾಯಿ ಮೇಲೆ ಬಿಳೀ ಪೊರೆ ಕಟ್ಟುತ್ತಲ್ಲ, ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ. ಪಾಟಿನ ಹೊರಗಡೆ ಕೂಡ ಅದೇ ಬಿಳೀ ಗೆರೆ. ಸಾವಿರ ಅಡಿ ಆಳದಿಂದ ಎತ್ತಿದ ಗಡಸು ನೀರನ್ನ ದಿನಾ ಕುಡಿಯೋ ಗಿಡಕ್ಕೆ ಮಣ್ಣಲ್ಲಿ ಕ್ಯಾಲ್ಸಿಯಂ ಇಲ್ಲ ಅನ್ನೋದು ನಂಬೋ ಮಾತಲ್ಲ. ಇರೋದು ಕಾಯಿ ತುದಿಗೆ ತಲುಪ್ತಿಲ್ಲ, ಅಷ್ಟೇ. ಕ್ಯಾಲ್ಸಿಯಂ ಗಿಡದೊಳಗೆ ಓಡಾಡೋದು ಬೇರಿಂದ ಮೇಲೇರೋ ನೀರಿನ ಜೊತೆ ಮಾತ್ರ, ಆ ನೀರನ್ನ ಎಳೆಯೋದು ಎಲೆ, ಯಾಕಂದ್ರೆ ಬಿಸಿಲಿಗೆ ನೀರು ಆವಿಯಾಗೋದು ಎಲೆಯಿಂದ. ಕಾಯಿ ಮೇಲೆ ಮೇಣದಂಥ ಸಿಪ್ಪೆ, ಅದರಿಂದ ನೀರು ಹೋಗೋದು ತೀರಾ ಕಮ್ಮಿ, ಹಂಗಾಗಿ ಕಾಯಿಗೆ ಬರೋ ಪಾಲೂ ಕಮ್ಮಿ. ಕಾಯಿ ಕಟ್ಟಿದ ಮೊದಲ ಎರಡು ಮೂರು ವಾರ ಅದು ಭಾಳ ಬೇಗ ಊದ್ಕೊಳ್ಳುತ್ತೆ, ಆ ಟೈಮಲ್ಲಿ ಒಂದೆರಡು ದಿನ ಮಣ್ಣು ಒಣಗಿದ್ರೆ ತೊಟ್ಟಿನ ಕಡೆಗೆ ಹೆಂಗೋ ಸಿಕ್ಕಿ, ದೂರದ ತುದಿಗೆ ಸಿಗಲ್ಲ, ಅಲ್ಲಿನ ಜೀವಕೋಶದ ಗೋಡೆ ಗಟ್ಟಿಯಾಗದೆ ಒಡೆದು ಕುಸಿಯುತ್ತೆ. ನೀವು ಫೋಟೋ ಕಳಿಸೋ ದಿನ ನಡೆದಿರೋ ಅನಾಹುತ ಅಲ್ಲ ಅದು, ಎರಡು ವಾರದ ಹಿಂದಿಂದು. ಎಲೆಗೆ ಒಂದ್ಸಲ ಹೋಗಿ ಸೇರಿದ ಕ್ಯಾಲ್ಸಿಯಂ ವಾಪಸ್ ಕಾಯಿಗೆ ಬರಲ್ಲ, ಹಂಗಾಗಿ ಎಲೆ ಮೇಲೆ ಬಾಟ್ಲಿ ಸ್ಪ್ರೇ ಮಾಡೋದ್ರಿಂದ ಹೆಚ್ಚು ಲಾಭ ಬಾಟ್ಲಿ ಮಾರಿದವನಿಗೆ.

ಇದರ ಜೊತೆಗೆ ನಮ್ಮ ಕಡೆ ಇನ್ನೊಂದು ವಿಷಯ ಇದೆ, ಇದನ್ನ ಯಾರೂ ಹೇಳೋದು ನಾನು ಕೇಳಿಲ್ಲ. ಮನೆ ಮನೆಲೂ ಆರ್‌ಓ ಇದೆ, ನಮ್ಮ ನೀರಲ್ಲಿ ಫ್ಲೋರೈಡು ಇರೋದ್ರಿಂದ ಬೇಕೂ ಬೇಕು, ಅದರ ವೇಸ್ಟ್ ಪೈಪಿನ ನೀರನ್ನ ಬಕೆಟ್ಟಿಗೆ ಹಿಡಿದು ಗಿಡಕ್ಕೆ ಹಾಕೋದು ಒಳ್ಳೇ ಗೃಹಸ್ಥರ ಲಕ್ಷಣ ಅಂತ ಆಗಿದೆ. ಆ ನೀರಲ್ಲಿ ಮೊದಲೇ ಗಡಸಾಗಿದ್ದ ನೀರಿನ ಉಪ್ಪೆಲ್ಲಾ ಇನ್ನೂ ಒತ್ತಾಗಿ ಸೇರಿರುತ್ತೆ. ನೆಲದಲ್ಲಾದ್ರೆ ಮಳೆ ಬಂದು ತೊಳೆದು ಹೋಗುತ್ತೆ, ಗ್ರೋ ಬ್ಯಾಗಲ್ಲಿ ದಿನಾ ಅದನ್ನೇ ಹಾಕಿದ್ರೆ ಉಪ್ಪು ಅಲ್ಲೇ ಕೂರುತ್ತೆ, ಮಣ್ಣು ಹಸಿ ಇದ್ರೂ ಬೇರಿಗೆ ನೀರು ಎಳೆಯೋದು ಕಷ್ಟ ಆಗುತ್ತೆ, ಎಳೆಯೋಕಾಗದಿದ್ರೆ ಮತ್ತೆ ಅದೇ ತಳ ಕೊಳೆ. ಆ ನೀರು ನೆಲ ಒರೆಸೋಕೆ, ಟಾಯ್ಲೆಟ್ಟಿಗೆ ಹೋಗ್ಲಿ, ಟೊಮ್ಯಾಟೊಗೆ ಬೇಡ, ಹಾಕ್ಲೇಬೇಕಾದ್ರೆ ಮಾಮೂಲಿ ನೀರು ಬೆರೆಸಿ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ. ಮಳೆ ನೀರು ಹಿಡಿದಿಟ್ಟಿದ್ರೆ ಅದಕ್ಕಿಂತ ಬೇರೆ ಬೇಕಾಗಿಲ್ಲ, ತಿಂಗಳಿಗೊಂದ್ಸಲ ಆ ನೀರು ತಳದ ತೂತಿಂದ ಚೆನ್ನಾಗಿ ಹರಿದು ಹೋಗೋ ಥರ ಹಾಕಿದ್ರೆ ಕೂತ ಉಪ್ಪೂ ಇಳಿಯುತ್ತೆ. ಯೂರಿಯಾನೂ ಬೇಡ, ಗಿಡ ಕಪ್ಪು ಹಸಿರಾಗಿ ಪೊದೆ ಥರ ಎದ್ದು ನಿಲ್ಲುತ್ತೆ, ನೋಡೋಕೆ ಖುಷಿ, ಆದ್ರೆ ಅಷ್ಟೂ ಎಲೆ ಬಂದ ನೀರನ್ನ ತಾನೇ ಎಳ್ಕೊಂಡು ಕಾಯಿನ ಉಪವಾಸ ಕೆಡವುತ್ತೆ. ಎಪ್ಸಮ್ ಸಾಲ್ಟು ಹಾಕಿ ಅಂತನೂ ಕೆಲವರು ಹೇಳ್ತಾರೆ, ಅದು ಮೆಗ್ನೀಷಿಯಂ, ಕ್ಯಾಲ್ಸಿಯಂ ಜೊತೆ ಪೈಪೋಟಿಗೆ ನಿಲ್ಲೋದು, ತಳ ಕೊಳೆ ಇನ್ನೊಂಚೂರು ಜಾಸ್ತಿ ಆಗುತ್ತೆ.

ಹಂಗಾದ್ರೆ ಮಾಡೋದೇನು ಅಂದ್ರೆ, ನೀರು ಒಂದೇ ಸಮ ಇರೋ ಹಂಗೆ ನೋಡ್ಕೊಳ್ಳೋದು. ಹೇಳೋಕೆ ಸುಲಭ, ನದಿ ಅಂತ ವರ್ಷಪೂರ್ತಿ ಹರಿಯೋದು ಒಂದೂ ಇಲ್ಲದ ಜಿಲ್ಲೆಲಿ, ನಲ್ಲಿ ಬಂದಾಗ ಬರುತ್ತೆ, ಟ್ಯಾಂಕರಿನವನು ಮನಸ್ಸು ಬಂದಾಗ ಬರ್ತಾನೆ, ಟೊಮ್ಯಾಟೊ ಗಿಡಕ್ಕೆ ಟೈಮ್ ಟೇಬಲ್ ಹಾಕೋಕಾಗುತ್ತಾ ಅಂತ ನೀವು ಕೇಳ್ಬೋದು. ಅದಕ್ಕೇ ನೀರು ಎಷ್ಟು ಹಾಕ್ತೀವಿ ಅನ್ನೋದಕ್ಕಿಂತ ಹಾಕಿದ್ದು ಎಷ್ಟು ಹೊತ್ತು ನಿಲ್ಲುತ್ತೆ ಅನ್ನೋದರ ಮೇಲೆ ನಾನು ಜಾಸ್ತಿ ತಲೆ ಕೆಡಿಸ್ಕೊಳ್ತೀನಿ. ಸಣ್ಣ ಪಾಟಲ್ಲಿ ಟೊಮ್ಯಾಟೊ ಹಾಕ್ಬೇಡಿ, ಪೇಂಟ್ ಬಕೆಟ್ ಸೈಜು, ಅಂದ್ರೆ 20 ಲೀಟರ್ ಮಣ್ಣು ಹಿಡಿಯೋದಾದ್ರೂ ಇರ್ಲಿ, ಒಂದಕ್ಕೆ ಒಂದೇ ಗಿಡ. ನಮ್ಮ ಕೆಮ್ಮಣ್ಣು ಒಂದೇ ತುಂಬಿದ್ರೆ ನೀರು ಸರ್ರನೆ ಇಳಿದು ಹೋಗಿ ಮೇಲೆ ಹೆಂಚು ಥರ ಗಟ್ಟಿ ಆಗುತ್ತೆ, ಅದಕ್ಕೆ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ, ಒಂದಷ್ಟು ಕೋಕೋಪೀಟು, ಸಿಕ್ಕಿದ್ರೆ ಒಂದೆರಡು ಬಾಂಡ್ಲಿ ಕೆರೆ ಗೋಡು ಸೇರಿಸಿ. ಆಮೇಲೆ ಮಣ್ಣಿನ ಮೇಲೆ ಮೂರು ನಾಲ್ಕು ಇಂಚು ರಾಗಿ ಹುಲ್ಲು ಹೊದಿಸಿ. ಹುಲ್ಲು ಇಲ್ಲದಿದ್ರೆ ಹೊಂಗೆ ತರಗು, ತೆಂಗಿನ ನಾರು, ಹರಿದ ಗೋಣಿಚೀಲ, ಏನಾದ್ರೂ ಸರಿ. ಮಾರ್ಚ್ ಏಪ್ರಿಲಲ್ಲಿ ಮಧ್ಯಾಹ್ನ ಆ ಹುಲ್ಲಿನ ಅಡಿಗೆ ಕೈ ಹಾಕಿ ನೋಡಿ, ಪಕ್ಕದ ಬರೀ ಮಣ್ಣಿನ ಪಾಟಲ್ಲೂ ಕೈ ಹಾಕಿ ನೋಡಿ, ಆಮೇಲೆ ನಾನು ಹೇಳೋದೇನೂ ಬೇಕಾಗಲ್ಲ. ಸಣ್ಣ ಬಾಯಿಯ ಸುಟ್ಟ ಮಣ್ಣಿನ ಮಡಕೆ, ಗ್ಲೇಜು ಇಲ್ಲದ್ದು, ಪಾಟಿನ ಮಧ್ಯ ಕುತ್ತಿಗೆವರೆಗೆ ಹೂತು ನೀರು ತುಂಬಿ ಮುಚ್ಚಳ ಮುಚ್ಚಿದ್ರೆ ಎರಡು ಮೂರು ದಿನ ಊರಲ್ಲಿ ಇಲ್ಲದಿದ್ರೂ ನಡೆಯುತ್ತೆ.

ಕಪ್ಪಾದ ಕಾಯಿ ಸರಿ ಹೋಗಲ್ಲ, ಕಿತ್ತು ಹಾಕಿ, ಗಿಡದ ಶಕ್ತಿ ಬೇರೆ ಕಾಯಿಗೆ ಹೋಗ್ಲಿ. ಮೊದಲ ಗೊಂಚಲಿಗೆ ಬಂದು ಆಮೇಲಿನ ಗೊಂಚಲಿಗೆ ಬರದೇ ಇರೋದು ಮಾಮೂಲಿ, ಅದಕ್ಕೆ ಗಿಡಾನೇ ಕೀಳೋಕೆ ಹೋಗ್ಬೇಡಿ. ಉದ್ದುದ್ದ ಇರೋ ಜಾಮೂನು ಟೊಮ್ಯಾಟೊಗೆ ಇದು ಜಾಸ್ತಿ, ಚೆರ್ರಿ ಟೊಮ್ಯಾಟೊಗೆ ಬರೋದೇ ಅಪರೂಪ, ನೀರಿನ ಗ್ಯಾರಂಟಿ ಇಲ್ಲದ ಮನೆಯವರಿಗೆ ನಾನು ಚೆರ್ರಿನೇ ಹಾಕಿ ಅಂತೀನಿ.

ಇದೇ ನೀರಿನ ಇನ್ನೊಂದು ಮುಖ ಹಣ್ಣು ಸೀಳೋದು. ಭರಣಿ ಮಳೆ ಕೃತ್ತಿಕೆ ಮಳೆ ಟೈಮಲ್ಲಿ ನೋಡ್ಬೇಕು, ಎರಡು ವಾರ ಸುಟ್ಟು ಹಾಕೋ ಬಿಸಿಲು, ಆಮೇಲೆ ಒಂದು ಸಂಜೆ ಅಂತರಗಂಗೆ ಬೆಟ್ಟದ ಮೇಲೆ ಕಪ್ಪಗೆ ಮೋಡ ಎದ್ದು ಗಾಳಿ ಸಮೇತ ಬಡಿದು ಹೋಗುತ್ತೆ, ಬೆಳಗ್ಗೆ ಟೆರೇಸಿಗೆ ಹೋದ್ರೆ ಕೆಂಪಾಗ್ತಿದ್ದ ಹಣ್ಣೆಲ್ಲಾ ತೊಟ್ಟಿಂದ ಕೆಳಗೆ ಬಾಯಿ ಬಿಟ್ಕೊಂಡಿರ್ತವೆ. ಒಣಗಿದ್ದ ಬೇರಿಗೆ ಒಂದೇ ಸಲ ಅಷ್ಟು ನೀರು ಸಿಕ್ಕಿ ಒಳಗಿನ ತಿರುಳು ಊದುತ್ತೆ, ಹಣ್ಣಾಗ್ತಿರೋ ಸಿಪ್ಪೆಗೆ ಹಿಗ್ಗೋ ಶಕ್ತಿ ಕಮ್ಮಿಯಾಗಿರುತ್ತೆ, ಸೀಳುತ್ತೆ. ಕೆಲವು ಉದ್ದಕ್ಕೆ ಸೀಳ್ತವೆ, ಕೆಲವು ತೊಟ್ಟಿನ ಸುತ್ತ ಬಳೆ ಥರ ಗೆರೆ ಬೀಳ್ತವೆ, ಬಳೆ ಥರದ್ದು ಬೇಗ ಕೆಡಲ್ಲ, ಉದ್ದದ್ದು ಆಳವಾಗಿದ್ರೆ ಎರಡೇ ದಿನದಲ್ಲಿ ಬೂಷ್ಟು, ಸಣ್ಣ ನೊಣ ಎಲ್ಲಾ ಬರುತ್ತೆ. ಭಾನುವಾರ ಪೈಪ್ ಹಿಡಿದು "ಚೆನ್ನಾಗಿ" ನೀರು ಹಾಕೋರ ಮನೆಲಿ ಮಳೆ ಇಲ್ಲದೆನೂ ಇದು ಆಗುತ್ತೆ. ಮಣ್ಣಿನ ಮೇಲೆ ಹುಲ್ಲಿದ್ರೆ ಕಮ್ಮಿ ಆಗುತ್ತೆ, ಪೂರ್ತಿ ನಿಲ್ಲಲ್ಲ. ನಾನು ಮಾಡೋದು ಏನಂದ್ರೆ ಮೋಡ ನೋಡಿದ ತಕ್ಷಣ, ತಳದಲ್ಲಿ ಒಂಚೂರು ಗುಲಾಬಿ ಬಣ್ಣ ತಿರುಗಿರೋ ಎಲ್ಲಾ ಕಾಯಿನೂ ಕಿತ್ತು ತಂದ್ಬಿಡ್ತೀನಿ. ಗಿಡದಲ್ಲೇ ಪೂರ್ತಿ ಕೆಂಪಾದ್ರೇನೇ ರುಚಿ ಅನ್ನೋ ನಂಬಿಕೆ ಗಟ್ಟಿಯಾಗಿ ಬೇರೂರಿದೆ ಜನರಲ್ಲಿ, ಬಣ್ಣ ತಿರುಗೋಕೆ ಶುರುವಾದ ಮೇಲೆ ಕಿತ್ರೆ ರುಚಿಲಿ ಹೇಳ್ಕೊಳ್ಳೋ ವ್ಯತ್ಯಾಸ ನನ್ನ ನಾಲಿಗೆಗೆ ಗೊತ್ತಾಗಿಲ್ಲ. ಅಡುಗೆಮನೆ ಕಟ್ಟೆ ಮೇಲೆ, ತೊಟ್ಟಿನ ಕಡೆ ಕೆಳಗೆ ಮಾಡಿ, ಬಿಸಿಲು ಬೀಳದ ಜಾಗದಲ್ಲಿ ಇಡಿ, ಪಕ್ಕದಲ್ಲಿ ಒಂದು ಬಾಳೆಹಣ್ಣು ಇದ್ರೆ ಇನ್ನೂ ಬೇಗ. ಫ್ರಿಜ್ಜಲ್ಲಿ ಮಾತ್ರ ಇಡ್ಬೇಡಿ, ಆ ಚಳಿಗೆ ಬಣ್ಣ ತಿರುಗೋದೂ ನಿಲ್ಲುತ್ತೆ, ವಾಸನೆನೂ ಸತ್ತು ಹೋಗುತ್ತೆ.

ಬಿಸಿಲಿನ ಕಥೆ ಬೇರೆ. ಹಗಲು 35 ಡಿಗ್ರಿ ದಾಟಿ ರಾತ್ರಿನೂ ತಣ್ಣಗಾಗದಿದ್ರೆ ಹೂವಿನ ಪರಾಗ ಕೆಲಸಕ್ಕೆ ಬರಲ್ಲ, ಹೂ ಗಂಟಿನ ಹತ್ರ ಹಳದಿಯಾಗಿ ಕಳಚಿ ಬೀಳುತ್ತೆ. ಇದಕ್ಕೂ ಹೂ ಉದುರದ ಟಾನಿಕ್ ಅಂತ ಮಾರ್ತಾರೆ. ಕಾಯಿ ಕಟ್ಟಿದ್ದು ಹಣ್ಣಾಗೋ ಹೊತ್ತಿಗೆ ಬಿಸಿ ಜಾಸ್ತಿ ಇದ್ರೆ ಕೆಂಪೇ ಬರಲ್ಲ, ಯಾಕಂದ್ರೆ ಕೆಂಪು ಬಣ್ಣದ ಲೈಕೋಪೀನು 30 ಡಿಗ್ರಿ ಮೇಲೆ ಹೋದ್ರೆ ಸರಿಯಾಗಿ ತಯಾರಾಗಲ್ಲ, ಹಳದಿ ಬಣ್ಣದ್ದು ಮಾತ್ರ ಆಗ್ತಾ ಇರುತ್ತೆ, ಹಂಗಾಗಿ ಮೇ ತಿಂಗಳ ಹಣ್ಣು ಕಿತ್ತಳೆ ಬಣ್ಣಕ್ಕೆ ನಿಂತ್ಬಿಡುತ್ತೆ. ಒಳಗೆ ತಂದಿಟ್ರೆ ಎಷ್ಟೋ ಸಲ ಕೆಂಪಾಗುತ್ತೆ. ಇನ್ನು ಪಶ್ಚಿಮದ ಕಡೆ ಮುಖ ಮಾಡಿರೋ ಕಾಯಿ ಮೇಲೆ ಬಿಳೀ ಬೊಬ್ಬೆ ಥರ ಎದ್ದು ಆಮೇಲೆ ಪೇಪರಿನಂಗೆ ಒಣಗೋದು ಬಿಸಿಲಿನ ಸುಟ್ಟ ಗಾಯ. ಗಾಳಿ ಆಡ್ಲಿ ಅಂತ ಯಾರೋ ಹೇಳಿದ್ರು ಅಂತ ಕೆಳಗಿನ ಎಲೆ ಎಲ್ಲಾ ಕತ್ತರಿಸಿದ ಮನೆಗಳಲ್ಲೇ ಇದು ಹೆಚ್ಚು. ಎಲೆ ಕತ್ತರಿಸೋ ಆ ವಿಡಿಯೋಗಳೆಲ್ಲಾ ತಣ್ಣನೆ ದೇಶದವರದ್ದು ಕಣ್ರೀ, ಅವರಿಗೆ ಬಿಸಿಲು ಸಾಲಲ್ಲ, ನಮಗೆ ಹೆಚ್ಚಾಗಿದೆ. ನೆಲ ಮುಟ್ಟೋ ಎಲೆ, ಹಳದಿ ಎಲೆ ತೆಗೆದ್ರೆ ಸಾಕು. ಟೆರೇಸಲ್ಲಿ ಮಾರ್ಚಿಂದ ಮೇವರೆಗೆ ಹನ್ನೊಂದು ಗಂಟೆ ಮೇಲೆ ನೆರಳು ಬೇಕೇ ಬೇಕು, ಗ್ರೀನ್ ನೆಟ್ ತಂದ್ರೆ ತುಂಬಾ ದಟ್ಟದ್ದು ಬೇಡ, 35 ಪರ್ಸೆಂಟಿಂದು ಸಾಕು, ಅದೂ ಬೇಡ ಅಂದ್ರೆ ಹಳೇ ಬಿಳಿ ಪಂಚೆ ಕಟ್ಟಿ.

ಕಾಯಿ ಸೊಟ್ಟಪಟ್ಟ ಆಗೋದು, ತಳದಲ್ಲಿ ಹೊಲಿಗೆ ಹಾಕಿದಂಗೆ ಕಂದು ಗೆರೆ ಬರೋದು, ಇವೆಲ್ಲಾ ಹೂವಿದ್ದಾಗಲೇ ಆಗಿ ಹೋದ ವ್ಯವಹಾರ, ಚಳಿ ಹೆಚ್ಚಿದ್ದಾಗ ದೊಡ್ಡ ಹಣ್ಣಿನ ಜಾತಿಗಳಿಗೆ ಬರುತ್ತೆ, ತಿನ್ನೋಕೆ ಏನೂ ತೊಂದರೆ ಇಲ್ಲ, ಬಿಟ್ಟಾಕಿ. ಹಣ್ಣು ಹಗುರ ಇದ್ದು ಕೊಯ್ದ್ರೆ ಒಳಗೆ ಟೊಳ್ಳು, ಬೀಜಾನೇ ಇಲ್ಲ ಅಂದ್ರೆ ಪರಾಗಸ್ಪರ್ಶ ಸರಿಯಾಗಿಲ್ಲ ಅಂತ. ಟೊಮ್ಯಾಟೊ ಹೂವು ತನ್ನಷ್ಟಕ್ಕೆ ತಾನೇ ಪರಾಗ ಮಾಡ್ಕೊಳ್ಳುತ್ತೆ, ಆದ್ರೆ ಅದನ್ನ ಅಲುಗಿಸೋರು ಬೇಕು. ನಾವು ಜೇನು ಅಂತ ಕರೆಯೋ ಹುಳ ಈ ಕೆಲಸಕ್ಕೆ ಬರಲ್ಲ, ಹೂವನ್ನ ಹಿಡ್ಕೊಂಡು ಗುಂಯ್ ಅಂತ ನಡುಗಿಸೋ ಜಾತಿದು ಬೇಕು, ಹೊಟ್ಟೆ ಮೇಲೆ ನೀಲಿ ಪಟ್ಟೆ ಇರೋ ಒಂದು ಸಣ್ಣ ದುಂಬಿ ಬರುತ್ತಲ್ಲ, ಅದು, ಮತ್ತೆ ಮರ ಕೊರೆಯೋ ಕಪ್ಪು ದುಂಬಿ. ಮೂರನೇ ಮಹಡಿ ಮೇಲೆ ಅವು ಬರದಿದ್ರೆ ಬೆಳಗ್ಗೆ ಹತ್ತು ಗಂಟೆ ಸುಮಾರಿಗೆ ಹೂವಿನ ಗೊಂಚಲನ್ನ ಬೆರಳಲ್ಲಿ ಮೆಲ್ಲಗೆ ತಟ್ಟಿ, ಅಥವಾ ಹಾಳಾದ ಬ್ಯಾಟರಿ ಟೂತ್‌ಬ್ರಷ್ಷಿನ ಹಿಂಭಾಗ ಹೂವಿನ ಕಾಂಡಕ್ಕೆ ತಾಗಿಸಿ. ಟೆರೇಸ್ ಮೇಲೆ ಟೂತ್‌ಬ್ರಷ್ ಹಿಡ್ಕೊಂಡು ಗಿಡಕ್ಕೆ ಹಲ್ಲುಜ್ಜಿಸ್ತಿರೋದನ್ನ ಪಕ್ಕದ ಮನೆಯವರು ನೋಡಿದ್ರೆ ಅದಕ್ಕೆ ನಾನು ಹೊಣೆ ಅಲ್ಲ.

ಹುಳದ ವಿಷಯಕ್ಕೆ ಬಂದ್ರೆ ಕೋಲಾರದಲ್ಲಿ ತಪ್ಪಿಸ್ಕೊಳ್ಳೋಕೇ ಆಗಲ್ಲ, ಸುತ್ತ ಎಲ್ಲಿ ನೋಡಿದ್ರೂ ಟೊಮ್ಯಾಟೊ ಹೊಲ, ಪತಂಗಕ್ಕೆ ನಮ್ಮ ಟೆರೇಸು ಎಷ್ಟು ಹೊತ್ತಿನ ದಾರಿ. ಎರಡು ಥರ ಬರ್ತವೆ. ಹಳೇದು ಕಾಯಿ ಕೊರಕ, ಹಸಿರು ಹುಳ, ಪೆನ್ಸಿಲ್ ತೂರಿಸಬಹುದಾದಷ್ಟು ದುಂಡಗಿನ ತೂತು ಕೊರೆದು ತಲೆ ಒಳಗೆ ಮೈ ಹೊರಗೆ ಇಟ್ಕೊಂಡು ತಿಂತಿರುತ್ತೆ, ಒಂದು ಕಾಯಿ ಪೂರ್ತಿ ತಿನ್ನೋ ಸೌಜನ್ಯನೂ ಇಲ್ಲ, ಅರ್ಧ ಬಿಟ್ಟು ಇನ್ನೊಂದಕ್ಕೆ ಹೋಗುತ್ತೆ. ಮನೆಲಿ ಇದನ್ನ ಕೈಲಿ ಹಿಡಿದು ತೆಗೆಯೋದೇ ಒಳ್ಳೇದು, ಸಂಜೆ ಟಾರ್ಚ್ ಹಾಕಿ ಹುಡುಕಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಇದಕ್ಕೆ ಚೆಂಡುಹೂವಿನ ಉಪಾಯ ಹೇಳ್ಕೊಟ್ಟಿದ್ದಾರೆ, ಹೊಲದಲ್ಲಿ 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡುಹೂ, ಅದೂ ಟೊಮ್ಯಾಟೊ ಸಸಿಗಿಂತ ಹೆಚ್ಚು ದಿನ ಬಲಿತ ಸಸಿ, ಎರಡೂ ಒಟ್ಟಿಗೆ ಹೂ ಬಿಡೋ ಹಂಗೆ, ಪತಂಗ ಹೋಗಿ ಚೆಂಡುಹೂವಿನ ಮೇಲೆ ಮೊಟ್ಟೆ ಇಡುತ್ತೆ. ಟೆರೇಸಲ್ಲಿ ಎರಡು ಪಾಟ್ ಚೆಂಡುಹೂ ಇಟ್ರೆ ಅಷ್ಟೇ ಲೆಕ್ಕದ ಲಾಭ ಸಿಗುತ್ತೆ ಅಂತ ನಾನು ಹೇಳಲ್ಲ, ಹೂವಂತೂ ಪೂಜೆಗಾಗುತ್ತೆ.

ಹೊಸದು ಊಜಿ. ರೇಷ್ಮೆ ಹುಳುವಿನ ಊಜಿ ನೊಣಕ್ಕೂ ಇದಕ್ಕೂ ಸಂಬಂಧ ಇಲ್ಲ, ಆ ಹೆಸರಿನ ಹೆದರಿಕೆ ನಮ್ಮ ರೇಷ್ಮೆ ಜಿಲ್ಲೆಗಳಲ್ಲಿ ಮೊದಲೇ ಇದ್ದಿದ್ರಿಂದ ಇದಕ್ಕೂ ಅದನ್ನೇ ಇಟ್ರು. ಟೂಟ ಅನ್ನೋ ಸಣ್ಣ ಪತಂಗ, ದಕ್ಷಿಣ ಅಮೆರಿಕದ್ದು, ಇಂಡಿಯಾದಲ್ಲಿ ಮೊದಲು ಪತ್ತೆಯಾಗಿದ್ದು 2014ರಲ್ಲಿ, ಈಗ ಇಲ್ಲೇ ಹುಟ್ಟಿ ಬೆಳೆದಂಗಿದೆ. ಇದನ್ನ ಕಂಡುಹಿಡಿಯೋಕೆ ಹಣ್ಣಿನ ತೊಟ್ಟಿನ ಹಸಿರು ದಳಗಳನ್ನ ಒಂದೊಂದಾಗಿ ಮೇಲಕ್ಕೆ ಎತ್ತಿ ನೋಡ್ಬೇಕು, ಮೇಲಿಂದ ನೋಡಿದ್ರೆ ಹಣ್ಣು ಲಕ್ಷಣವಾಗಿರುತ್ತೆ, ದಳ ಎತ್ತಿದ್ರೆ ಅಡಿಲಿ ಗುಂಡುಪಿನ್ ಚುಚ್ಚಿದಂಥ ತೂತು, ಪಕ್ಕದಲ್ಲಿ ಕಾಫಿ ಪುಡಿ ಉದುರಿದಂಥ ಹಿಕ್ಕೆ. ಎಲೆಲಿ ಸಿಪ್ಪೆ ಎರಡೂ ಕಡೆ ಹಂಗೇ ಇದ್ದು ಮಧ್ಯದ ಹಸಿರು ಮಾತ್ರ ತಿಂದು ಒಣ ತೇಪೆ ಥರ ಮಾಡಿರುತ್ತೆ, ಬೆಳಕಿಗೆ ಹಿಡಿದ್ರೆ ಒಳಗೆ ಹುಳ ಕಾಣುತ್ತೆ. ಅಂಥ ಎಲೆ ಕಂಡ ದಿನವೇ ಕಿತ್ತು ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ ಬಿಸಿಲಲ್ಲಿ ಇಡಿ, ಕಾಂಪೋಸ್ಟಿಗೆ ಹಾಕ್ಬೇಡಿ. ಫೆರೊಮೋನ್ ಲೂರು, ಅಂದ್ರೆ ಹೆಣ್ಣು ಪತಂಗದ ವಾಸನೆ ತೋರಿಸಿ ಗಂಡನ್ನ ಸೆಳೆಯೋದು, ಹಾಕಿದ ಟ್ರ್ಯಾಪು ಗೊಬ್ಬರದ ಅಂಗಡಿಲಿ ಸಿಗುತ್ತೆ, ಟೂಟಾಗೆ ಅಂತಲೇ ಕೇಳಿ ತಗೊಳ್ಳಿ, ಕಾಯಿ ಕೊರಕದ್ದು ಬೇರೆ. ಬೇವಿನ ಸೋಪು, ಹೊಂಗೆ ಸೋಪು ಸಂಜೆ ಹೊತ್ತು ಎಲೆ ಕೆಳಭಾಗಕ್ಕೂ ತಾಗೋ ಹಂಗೆ ಸ್ಪ್ರೇ ಮಾಡಿ. ಹೊಲದಲ್ಲಿ ಹೊಡೆಯೋ ಔಷಧಿ ತಂದು ಮನೆ ಗಿಡಕ್ಕೆ ಹೊಡೆಯೋದು ನನಗೆ ಸುತರಾಂ ಇಷ್ಟ ಇಲ್ಲ, ಆ ಬಾಟ್ಲಿಗಳ ಮೇಲೆ ಹೊಡೆದು ಎಷ್ಟು ದಿನ ಆದ್ಮೇಲೆ ಕೊಯ್ಯಬೇಕು ಅಂತ ಬರೆದಿರುತ್ತೆ, ಟೆರೇಸಿಂದ ಒಂದು ಹಣ್ಣು ಕಿತ್ತು ಷರ್ಟಿಗೆ ಒರೆಸಿ ಹಂಗೇ ಕಚ್ಚೋ ಮಕ್ಕಳಿಗೆ ಅದೆಲ್ಲಾ ಗೊತ್ತಿರಲ್ಲ.

ನಿಜವಾದ ರೋಗಗಳೂ ಇವೆ, ಇಲ್ಲ ಅಂತಲ್ಲ. ಹಣ್ಣಿನ ಮೇಲೆ ಹಳದಿ ಹಳದಿ ಉಂಗುರ, ಒಂದರೊಳಗೊಂದು, ಗಿಡದ ಕುಡಿ ಕಪ್ಪಾಗಿ ಸುಟ್ಟಂಗೆ ಇದ್ರೆ ಅದು ಥ್ರಿಪ್ಸ್ ಅನ್ನೋ ನುಸಿಯಿಂದ ಹರಡೋ ವೈರಸ್ಸು. ಎಲೆ ಮುದುಡಿ ಬಟ್ಟಲಾಗಿ ಗಿಡ ಕುಬ್ಜ ಆದ್ರೆ ಬಿಳಿ ನೊಣದ ವೈರಸ್ಸು. ಎರಡಕ್ಕೂ ಔಷಧಿ ಇಲ್ಲ, ಗಿಡ ಕಿತ್ತು ದೂರ ಹಾಕೋದೇ. ಬಲಿತ ಹಣ್ಣಿದ್ರೆ ತಿನ್ಬೋದು, ಗಿಡದ ವೈರಸ್ ಮನುಷ್ಯರಿಗೆ ಬರಲ್ಲ, ಉಂಗುರ ಇರೋ ಜಾಗ ಸ್ವಲ್ಪ ಗಟ್ಟಿ ಇರುತ್ತೆ ಅಷ್ಟೇ. ನವೆಂಬರ್ ಡಿಸೆಂಬರಲ್ಲಿ ಬಂಗಾಳ ಕೊಲ್ಲಿಲಿ ಸೈಕ್ಲೋನ್ ಎದ್ದಾಗ ನಮಗೆ ಹಿಡಿಯೋ ಜಡಿ ಮಳೆ, ಬಿಸಿಲೇ ಇಲ್ಲದ ಮೋಡ, ಅದರಲ್ಲಿ ಕೊನೆ ಅಂಗಮಾರಿ ಅನ್ನೋ ರೋಗ ಬರುತ್ತೆ, ಕಾಯಿ ಮೇಲೆ ಎಣ್ಣೆ ಹಚ್ಚಿದಂಥ ಕಂದು ಮಚ್ಚೆ, ಗಟ್ಟಿಯಾಗೇ ಇರುತ್ತೆ, ಎರಡು ಮೂರು ದಿನದಲ್ಲಿ ಇಡೀ ಗಿಡ ಬೆಂದಂಗೆ ಆಗುತ್ತೆ. ಬರೋಕೆ ಮುಂಚೆ ಗಿಡಗಳ ಮಧ್ಯ ಜಾಗ ಬಿಟ್ಟಿರೋದು, ಸಂಜೆ ಎಲೆ ಮೇಲೆ ನೀರು ಹಾಕದೇ ಇರೋದು, ಇಷ್ಟೇ ನಮ್ಮ ಕೈಲಿರೋದು. ಸಸಿ ತರೋವಾಗ ಹೆಸರಘಟ್ಟದ ಅರ್ಕಾ ರಕ್ಷಕ್ ಸಿಕ್ಕಿದ್ರೆ ತನ್ನಿ, ಎಲೆ ಮುದುಡು ವೈರಸ್ಸು, ಸೊರಗು ರೋಗ, ಮೊದಲ ಅಂಗಮಾರಿ ಮೂರನ್ನೂ ತಡ್ಕೊಳ್ಳೋ ಹೈಬ್ರಿಡ್ ಅದು, ಅರ್ಕಾ ಅಭೇದ್ ಇನ್ನೂ ಈಚಿನದು, ಕೊನೆ ಅಂಗಮಾರಿನೂ ತಡೆಯುತ್ತೆ.

ಹಣ್ಣಿನ ಭುಜ ಹಸಿರಾಗೇ ಉಳಿಯೋದನ್ನೂ ಜನ ರೋಗ ಅಂದ್ಕೊಳ್ತಾರೆ. ನಾಟಿ ಟೊಮ್ಯಾಟೊದಲ್ಲಿ ಅದು ಹುಟ್ಟುಗುಣ. ಮಂಡಿಗೆ ಒಂದೇ ಸಮ ಕೆಂಪಾಗೋ ಹಣ್ಣು ಬೇಕು ಅಂತ ತಳಿ ಮಾಡೋರು ಆ ಹಸಿರು ಭುಜ ಇಲ್ಲದ್ದನ್ನೇ ದಶಕಗಟ್ಲೆ ಆರಿಸ್ಕೊಂಡು ಬಂದ್ರು, 2012ರಲ್ಲಿ ವಿಜ್ಞಾನಿಗಳು ಅದರ ಹಿಂದಿನ ಜೀನ್ ಕಂಡುಹಿಡಿದಾಗ ಗೊತ್ತಾಗಿದ್ದೇನಂದ್ರೆ ಆ ಕಡು ಹಸಿರು ಇದ್ದ ಕಾಯಿ ತಾನೇ ಒಂದಷ್ಟು ಸಕ್ಕರೆ ತಯಾರು ಮಾಡ್ಕೊಳ್ತಿತ್ತು, ಅದು ಹೋಗಿದ್ದಕ್ಕೆ ಆ ರುಚಿನೂ ಒಂದಷ್ಟು ಹೋಯ್ತು. ನೋಡೋಕೆ ಚೆಂದ ಮಾಡೋಕೆ ಹೋಗಿ ಸಿಹಿ ಕಳ್ಕೊಂಡಿದ್ದು. ಟೆರೇಸಲ್ಲಿ ಮಂಡಿಯವನೂ ಇಲ್ಲ ಗ್ರೇಡಿಂಗೂ ಇಲ್ಲ, ನಾವ್ಯಾಕೆ ಅದಕ್ಕೆ ತಲೆ ಕೆಡಿಸ್ಕೊಳ್ಬೇಕು.

ಹಂಗಾಗಿ ನಮ್ಮ ಮನೆಲಿ ಹಣ್ಣು ಕಿತ್ತ ಮೇಲೆ ವಿಂಗಡಿಸೋ ಕ್ರಮ ಹಿಂಗಿದೆ. ತಳ ಕೊಳೆ ಒಣಗಿದ್ದು ಇದ್ರೆ ಅರ್ಧ ಇಂಚು ಮೇಲಿಂದ ಕತ್ತರಿಸಿ ಬಿಸಾಕಿ ಮಿಕ್ಕಿದ್ದು ಸಾರಿಗೆ, ಒಳಗೂ ಕಪ್ಪು ಬೂಷ್ಟು ಇಳಿದಿದ್ರೆ ಪೂರ್ತಿ ಹೊರಗೆ. ಆವತ್ತೇ ಸೀಳಿದ್ದು ಆವತ್ತೇ ಗೊಜ್ಜು, ನಾಳೆಗೆ ಇಡಲ್ಲ. ಕಿತ್ತಳೆ ಬಣ್ಣದ್ದು, ಸೊಟ್ಟಗಿರೋದು, ಬಿಸಿಲಿಗೆ ಬೊಬ್ಬೆ ಬಂದಿದ್ದು ಆ ಭಾಗ ಕೆತ್ತಿ ತೊಕ್ಕಿಗೆ. ಹುಳ ಹೊಕ್ಕಿದ್ದು ಕಸಕ್ಕೆ. ಗಿಡ ಮುದಿಯಾಗಿ ಕೀಳೋ ದಿನ ಉಳಿದಿರೋ ಹಸಿರು ಕಾಯಿನ ಬಿಸಾಕ್ಬೇಡಿ, ತೀರಾ ಎಳೇದು ಬಿಟ್ಟು ಬಲಿತಿದ್ದು ಆರಿಸಿ, ಹೆಚ್ಚಿ ಎಣ್ಣೆಲಿ ಬಾಡಿಸಿ, ಹುರಿದ ಕಡಲೆಕಾಯಿ ಬೀಜ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು ಹಾಕಿ ರುಬ್ಬಿದ್ರೆ ಬಿಸಿ ಮುದ್ದೆಗೆ ಆಗುತ್ತೆ, ಹುಣಸೆಹಣ್ಣು ಹಾಕೋ ಅಗತ್ಯನೇ ಇರಲ್ಲ.

ಬೇಸಿಗೆ ಬೆಳೆಗೆ ಇಷ್ಟೆಲ್ಲಾ ಒದ್ದಾಟ ಬೇಡ ಅನ್ಸಿದ್ರೆ ಆಗಸ್ಟ್ ಕೊನೆಗೆ ಸಸಿ ಹಾಕಿ, ಕಾಯಿ ಊದೋದು ಅಕ್ಟೋಬರಲ್ಲಿ, ಹಣ್ಣಾಗೋದು ತಣ್ಣನೆ ನವೆಂಬರಲ್ಲಿ. ಸೀಳೋದು, ಅಂಗಮಾರಿ ಆಗ ಜಾಸ್ತಿ ಇರುತ್ತೆ, ತಳ ಕೊಳೆ ಕಮ್ಮಿ ಇರುತ್ತೆ. ಯಾವ ತಲೆನೋವು ಬೇಕು ಅಂತ ಅವರವರೇ ಆರಿಸ್ಕೊಳ್ಳೋದು, ನಾನಂತೂ ಎರಡನ್ನೂ ಹಾಕ್ತೀನಿ.